ಗಾದಿಲಿಂಗಪ್ಪನ ಸ್ವೆಟರೂ ಮುಳ್ಳಯ್ಯನಗಿರಿಯ ಮುಹೂರ್ತಸಮರವೂ

ಯಾವ ಕಾಲದಲ್ಲಿ ಕಾಗೆಗಳು ನೆರಳನ್ನು ಹುಡುಕಿ ಸೋತು ಕರೆಂಟು ಕಂಬದ ಗೀಟುನೆರಳಿನಲ್ಲೇ ಸಾಲುಗಟ್ಟಿ ನಿಲ್ಲುತ್ತಿದ್ದವೋ, ಯಾವ ಕಾಲದಲ್ಲಿ ನಲ್ಲಿಯ ನೀರು ಒಲೆಯ ಹಂಗಿಲ್ಲದೆ ತಾನೇ ಕಾದು ಬೀಳುತ್ತಿತ್ತೋ, ಆ ಫಾಲ್ಗುಣಾಂತ್ಯದ ಉಗ್ರಕಾಲವನ್ನು ಮೊದಲು ನೆನೆಯೋಣ. ಆ ಕಾಲದ ಕೈಗೆ ಸಿಕ್ಕ ಸಿರುಗುಪ್ಪವೆಂಬ ಪುರವನ್ನು ನೆನೆಯೋಣ. ಆ ಪುರದ ಹಳೇ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಸೋಡಾ ಅಂಗಡಿಯನ್ನಾಳುತ್ತಿದ್ದ ವೀರನನ್ನು ನೆನೆಯೋಣ. ಎಲೈ ಬಿಸಿಲೇ, ಬಳ್ಳಾರಿ ಸೀಮೆಯ ಏಕಚಕ್ರಾಧಿಪತಿಯೇ, ಹೇಳುವವನ ನಾಲಗೆ ಒಣಗದಂತೆ ಕಾಪಾಡು. ಇದು ಸ್ವಲ್ಪ ಉದ್ದದ ಸಂಗತಿ.

ಮಾರ್ತಾಂಡಚಂಡಕಿರಣಸಂತಪ್ತಮಸ್ತಕನೂ, ಕಾಚಕೂಪಿಕಾಕಂಠಸ್ಥಿತಗೋಲಿಕಾಮರ್ದನನಿಪುಣಾಂಗುಷ್ಠನೂ, ಅಂದರೆ ಬಾಟಲಿಯ ಕೊರಳಲ್ಲಿ ಕೂತ ಗೋಲಿಯನ್ನು ಒಂದೇ ಹೆಬ್ಬೆರಳಿನಿಂದ ಒಳಕ್ಕೆ ತಳ್ಳಬಲ್ಲವನೂ ಆದ ಗಾದಿಲಿಂಗಪ್ಪನು ಊರಿನ ದಾಹವನ್ನೆಲ್ಲ ತಣಿಸಿದ್ದನು. ಅವನದೇ ಒಂದು ದಾಹ ಮಾತ್ರ ಉಳಿದಿತ್ತು. ಚಳಿ ಸೀಮೆಯ ಜನ ಬಾಯಿ ಬಿಟ್ಟರೆ ಹೊಗೆಯಂತೆ ಹಬೆ ಬರುತ್ತದೆಂದು ಎಳೆಯ ವಯಸ್ಸಿನಲ್ಲಿ ಲಾರಿ ಡ್ರೈವರೊಬ್ಬ ಅವನಿಗೆ ಹೇಳಿದ್ದ. ಅರವತ್ತು ದಾಟಿತು; ಗಾದಿಲಿಂಗಪ್ಪನ ಬಾಯಿಂದ ಮಾತು ಬಂದಿತ್ತು, ಬೈಗುಳ ಬಂದಿತ್ತು, ಈಚೆಗೆ ಒಂದೆರಡು ಹಲ್ಲೂ ಬಂದಿದ್ದವು. ಹಬೆ ಬಂದಿರಲಿಲ್ಲ.

ಇದನ್ನು ಬಲ್ಲ ಅವನ ಧರ್ಮಪತ್ನಿ ಹುಲಿಗೆಮ್ಮನು ವರ್ಷಗಟ್ಟಲೆ ಕೂತು, ಸೂಜಿ ತಾಗಿದ ಬೆರಳನ್ನು ಬಾಯಲ್ಲಿಟ್ಟುಕೊಳ್ಳುತ್ತ, ದಾಳಿಂಬೆ ಬಣ್ಣದ ಒಂದು ಊರ್ಣಕವಚವನ್ನು ಹೆಣೆದಿದ್ದಳು. ಲೋಕದ ಮಾತಿನಲ್ಲಿ ಸ್ವೆಟರು. ಒಂದು ತೋಳು ಬೆರಳಿನ ತುದಿ ದಾಟುತ್ತಿತ್ತು, ಇನ್ನೊಂದು ಮೊಣಕೈಗೆ ಬಂದು ದಣಿಯುತ್ತಿತ್ತು. ಸಿರುಗುಪ್ಪದಲ್ಲಿ ಅದನ್ನು ತೊಡುವ ದಿನವನ್ನು ಬ್ರಹ್ಮನು ಸೃಷ್ಟಿಸಿರಲಿಲ್ಲ. ಸಂಕ್ರಾಂತಿಯಂದು ಒಮ್ಮೆ ತೊಟ್ಟ ಗಾದಿಲಿಂಗಪ್ಪನಿಗೆ ಎಳ್ಳುಬೆಲ್ಲ ತಿಂದು ಮುಗಿಸುವಷ್ಟರಲ್ಲಿ ಬೆವರುಸಾಲೆ ಎದ್ದಿತ್ತು.

ಅದಾದ ಮೇಲೆ ಹುಲಿಗೆಮ್ಮನು ಘೋರಪ್ರತಿಜ್ಞೆ ಮಾಡಿದಳು.

"ಓಣ್ಯಾಗ ಹೆಂಗಸ್ರು ನನ್ನ ನೋಡಿ ನಗಾಕತ್ಯಾರ. ಮುಳ್ಳಯ್ಯನಗಿರಿಗೆ ಹೋಗ್ತೀವಿ, ಹೋಗ್ತೀವಿ ಅಂತ ಮೀಸಿ ಬರೋ ಮುಂಚಿಂದ ಹೇಳಾಕತ್ತೀರಿ ಗೆಳೆಯರು ಮೂರೂ ಮಂದಿ. ಹೋದ್ರ ಥಂಡಿ ದಿನದಾಗ ಹೋಗಾದು ಅಂತ ಯುಗಾದಿ ಬರಾದ್ರೊಳಗ ಗಟ್ಟಿ ಮಾಡ್ರಿ. ಇಲ್ಲಂದ್ರ ಈ ಸ್ವೆಟರ್ ಬಿಚ್ಚಿ ಬಾಗಲದಾಗ ಕಾಲೊರಸಾಕ ಹಾಕ್ತೀನಿ."

ಅಂದಿನಿಂದ ಗಾದಿಲಿಂಗಪ್ಪನಿಗೆ ನಿದ್ದೆಯಲ್ಲೂ ದಾಳಿಂಬೆ ಬಣ್ಣದ ಕಾಲೊರಸು ಕಾಣತೊಡಗಿತು. ಅದರ ಮೇಲೆ ಊರಿನವರೆಲ್ಲ ಕಾಲಿಡುತ್ತಿದ್ದರು.

ಹೀಗಿರಲು ಯುಗಾದಿಯ ಹಿಂದಿನ ದಿನ, ಸೂರ್ಯನು ನೆತ್ತಿಯಿಂದ ಇಳಿಯಲು ಮನಸ್ಸಿಲ್ಲದೆ ನಿಂತಿದ್ದ ಹೊತ್ತಿನಲ್ಲಿ, ಸೋಡಾ ಅಂಗಡಿಯಲ್ಲಿ ಮಹಾಸಭೆ ಸೇರಿತು. ಹೋದರೆ ಮೂವರೂ ಕೂಡಿಯೇ ಹೋಗಬೇಕೆಂಬುದು ಅವರ ಹರೆಯದ ಆಣೆ. ಯಾವ ಕಾಲದಲ್ಲಿ ಎಂಬುದನ್ನು ಮಾತ್ರ ಆಣೆಯೊಳಗೆ ಸೇರಿಸಲು ಮರೆತಿದ್ದರು.

ಮೊದಲಿಗೆ ಬಂದವನು ತೂಲಪರ್ವತವಿದಾರಣಧನುರ್ಧರನಾದ ಖಾಜಾಸಾಬ. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿನಿಂದಿಳಿಸಿ ಗೋಡೆಗಾನಿಸಿದನು. ಅವನ ಪಕ್ಷ ಬೇಸಿಗೆಯದು. ಅವನ ಹಿಂದೆಯೇ ಭಿತ್ತಿಧವಲೀಕರಣಧುರಂಧರನೂ ಸುಣ್ಣದ ಕುಂಚವೇ ಆಯುಧವಾಗುಳ್ಳವನೂ ಆದ ಜಂಬಣ್ಣನು, ಆ ಉರಿಬಿಸಿಲಿನಲ್ಲಿ, ಮೊಣಕಾಲು ಮುಟ್ಟುವ ನೀಲಿ ರೇನುಕೋಟು ತೊಟ್ಟು, ಟೊಪ್ಪಿಗೆಯನ್ನೂ ಬಿಗಿದು, ಹೊರಗಿನ ಮಳೆಯಿಲ್ಲದೆ ಒಳಗಿನ ಮಳೆಯಲ್ಲೇ ತೊಯ್ದು ತೊಪ್ಪೆಯಾಗಿ ಪ್ರವೇಶಿಸಿದನು. ಬಣ್ಣದಂಗಡಿಯವರು ಇನಾಮು ಕೊಟ್ಟ ಕೋಟು ಅದು. ಒಂದು ಹನಿಯ ರುಚಿಯನ್ನೂ ಕಂಡಿರಲಿಲ್ಲ.

ಜಂಬಣ್ಣನು ಎದ್ದು ನಿಂತನು. "ಎಲೈ ಶೂರರಿರಾ, ಜಲಧರಪಟಲಗಳು ಗಿರಿಶಿಖರವನ್ನು ಅಪ್ಪುವ ಆ ವರ್ಷಾಕಾಲದಲ್ಲಿ ಅಭೇದ್ಯಕವಚಧಾರಿಯಾಗಿ ನಾನೊಬ್ಬನೇ ಒಣಗಿರುವುದನ್ನು ಮೂಜಗವು ನೋಡಲಿ" ಎಂದು ಅವನ ಎದೆ ಗರ್ಜಿಸಿತು. ಬಾಯಿ ಆಡಿದ್ದು ಇಷ್ಟು:

"ನೋಡ್ರಪಾ, ಹೋದ್ರ ಮಳೆಗಾಲದಾಗ ಹೋಗಾದು. ಇಲ್ಲಂದ್ರ ನಾ ಒಲ್ಲೆ."

"ಮಳ್ಯಾಗ ಗುಡ್ಡ ಎಲ್ಲಿ ಕಾಣ್ತೈತಲೇ?" ಎಂದನು ಗಾದಿಲಿಂಗಪ್ಪ. "ಬರೇ ಮೋಡ ನೋಡಾಕ ಅಷ್ಟು ದೂರ ಹೋಗ್ಬೇಕೇನು?"

"ಇಲ್ಲಿ ಅದೂ ಕಾಣವಲ್ದಲ್ಲೋ ಮಾರಾಯ!"

ಖಾಜಾಸಾಬನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡನು. "ಇಬ್ರಿಗೂ ತಲಿ ಇಲ್ಲ. ಗುಡ್ಡ ಯಾಕ ಅದಾವ? ಇಂಥಾ ಬಿಸಿಲ ಬಿಟ್ಟು ಓಡಿಹೋಗಾಕ. ಥಂಡ್ಯಾಗ ನಮ್ಮೂರೇ ಚಂದ, ಆವಾಗ್ಯಾಕ ಓಡಾದು? ಮ್ಯಾಲ ಅದು ನನ್ನ ದುಡಿಮಿ ಕಾಲ. ಊರ ಮಂದಿ ಗಾದಿ ತುಂಬೋದು ಬಿಟ್ಟು ಗಾದಿಲಿಂಗನ ಹಿಂದ ಬರ್ಲೇನು?"

ಸಭೆಯಲ್ಲಿ ನಗು ಎದ್ದಿತು. ಗಾದಿಲಿಂಗಪ್ಪನಿಗೆ ನಗು ಬರಲಿಲ್ಲ. ಒಳಕೋಣೆಯಲ್ಲಿ ಹುಲಿಗೆಮ್ಮನ ಬಳೆಗಳ ಸದ್ದು ನಿಂತಿದ್ದನ್ನು ಅವನ ಕಿವಿ ಗುರುತಿಸಿತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ.

ಆಗ ಸಂಧಿಯನ್ನು ಬಯಸಿದ ಜಂಬಣ್ಣನು ಟೊಪ್ಪಿಗೆ ಸಡಿಲಿಸಿ ಹೊಸದೊಂದು ಅಸ್ತ್ರ ತೆಗೆದನು. "ನಮ್ಮ ಅಳಿಯ ಫೋನಿನಾಗ ಹೇಳ್ಯಾನ. ಆಫ್ ಸೀಸನ್‌ದಾಗ ಹೋಗ್ರಿ ಮಾವ, ಗದ್ಲ ಇರಲ್ಲ ಅಂದ."

ಇದುವರೆಗೆ ಮೂರೇ ಕಾಲಗಳನ್ನು ಕಂಡಿದ್ದ ಆ ವೀರರ ಮುಂದೆ ನಾಲ್ಕನೆಯದೊಂದು ಮೈದೋರಿತ್ತು.

"ಅದು ಯಾವ ತಿಂಗಳ ಬರ್ತೈತಿ?" ಖಾಜಾಸಾಬ ಕೇಳಿದನು.

"ಅದನ್ನ ಕೇಳಾದು ಮರ್ತೆ. ದೀಪಾವಳಿ ಆದ ಮ್ಯಾಲ ಇರಬೌದು."

"ಪಂಚಾಂಗದಾಗ ಇಲ್ಲಲ್ಲೋ!"

"ಚಿಕ್ಕಮಗಳೂರಿನ ಪಂಚಾಂಗ ಬ್ಯಾರೆ ಇರ್ತೈತಿ ಬಿಡು."

"ಅದರಾಗ ಥಂಡಿ ಇರ್ತೈತೇನಲೇ?" ಎಂದು ಗಾದಿಲಿಂಗಪ್ಪನು ಪ್ರಾಣವನ್ನೆಲ್ಲ ಕಿವಿಗೆ ತಂದು ಕೇಳಿದನು.

"ಮಳಿ ಇರ್ತೈತಿ" ಎಂದನು ಜಂಬಣ್ಣ, ಏನೂ ತಿಳಿಯದಿದ್ದರೂ.

ಇಷ್ಟಕ್ಕೇ ಸಂಧಿ ಮುರಿಯಿತು. ಗಾದಿಲಿಂಗಪ್ಪನು ಒಳಗೆ ನುಗ್ಗಿ, ಮೊಳೆಗೆ ತೂಗುಹಾಕಿದ್ದ ಊರ್ಣಕವಚವನ್ನು ಕಿತ್ತು ತಂದು, ಕೊರಳಲ್ಲಿ ಒಮ್ಮೆ ಸಿಕ್ಕಿಕೊಂಡು, ಕತ್ತಲೆಯಲ್ಲಿ ತೋಳು ಹುಡುಕಿ, ಗ್ರಹಣ ಬಿಟ್ಟ ಸೂರ್ಯನಂತೆ ಹೊರಬಂದನು. "ನೀ ಕೋಟು ತೋರಿಸ್ತೀಯಾ? ನಾನೂ ತೊಟ್ಟೀನಿ, ನೋಡು!" ಹೀಗೆ ನೀಲಕವಚನೂ ದಾಳಿಂಬಕವಚನೂ ಒಬ್ಬರನ್ನೊಬ್ಬರು ಎದುರಿಸಿ ನಿಂತಾಗ ಇಬ್ಬರ ಗಲ್ಲದಿಂದಲೂ ಬೆವರು ಧಾರೆಯಾಗಿ ಸುರಿಯಿತು. ಸಿಟ್ಟಿನ ಭರದಲ್ಲಿ ಗಾದಿಲಿಂಗಪ್ಪನು ಕೈಗೆ ಸಿಕ್ಕ ಬಾಟಲಿಯನ್ನು ಹಿಡಿದು ಅಲ್ಲಾಡಿಸುತ್ತ ಮಾತಾಡಿದನು. ಅಲ್ಲಾಡಿಸಿದ್ದು ಮರೆತು ಹೆಬ್ಬೆರಳು ಒತ್ತಿದನು. ಗೋಲಿ ಒಳಬಿದ್ದ ಆ ಸಿಡಿಲಿಗೆ ಬೀದಿಯ ನಾಯಿಗಳು ಎದ್ದು ಕೂತವು. ಬುಸುಗುಟ್ಟಿ ಎದ್ದ ಸೋಡಾಪ್ರವಾಹವು ಜಂಬಣ್ಣನ ನೆತ್ತಿಯಿಂದ ಪಾದದವರೆಗೆ ಅಭಿಷೇಕ ಮಾಡಿತು.

ಜಂಬಣ್ಣನು ಕಣ್ಣು ತೆರೆದನು. ಕೋಟಿನ ಮೇಲಿಂದ ಹನಿಗಳು ಜಾರಿ ಜಾರಿ ನೆಲಕ್ಕೆ ಬೀಳುತ್ತಿದ್ದವು. "ಏ, ನಿಲ್ಲಲ್ಲ ನೋಡ್ರಪಾ ಒಂದು ಹನೀನೂ!" ಎಂದನು ಹಿಗ್ಗಿನಿಂದ. ವೈರವು ಅವನಿಗೆ ಅಲ್ಲೇ ಮರೆತುಹೋಯಿತು.

ಅಷ್ಟರಲ್ಲಿ ಎಲ್ಲಿಂದಲೋ ಬಾವಿಯೊಳಗಿನಿಂದ ಬಂದಂತೆ ಒಂದು ದನಿ ಕೇಳಿತು. "ನೀವು ಬಡಿದಾಡ್ರಿ. ನಾ ಗುಡ್ಡ ಹತ್ತಿ ಕುಂತೀನಿ."

ನೋಡಿದರೆ ಖಾಜಾಸಾಬನು ಅಂಗಡಿಯ ಮೂಲೆಯ ಐಸ್ ಪೆಟ್ಟಿಗೆಯ ಮುಚ್ಚಳವೆತ್ತಿ, ಆ ಹಿಮಗಹ್ವರದೊಳಗೆ ಹೆಗಲಿನವರೆಗೆ ಇಳಿದುಬಿಟ್ಟಿದ್ದನು. "ಲೇ ಗಾದಿಲಿಂಗಾ, ಬಾರಲೇ ಇಲ್ಲಿ. ಹೊಗಿ ಬರಾಕತ್ತೈತಿ ಬಾಯಾಗಿಂದ!"

ಗಾದಿಲಿಂಗಪ್ಪನು ಓಡಿದನು. ಜೀವಮಾನವಿಡೀ ಆ ಪೆಟ್ಟಿಗೆಯ ಮುಚ್ಚಳವನ್ನು ಕೈ ಹೋಗುವಷ್ಟೇ ಎತ್ತಿ ತಟ್ಟನೆ ಮುಚ್ಚಿದವನು, ಇಂದು ಪೂರ್ತಿ ತೆರೆದಿದ್ದ ಅದರೊಳಗೆ ತಲೆಯನ್ನೇ ಇಟ್ಟನು. ಮೂಗಿನ ತುದಿ ಮರಗಟ್ಟಿತು. ಉದ್ದ ತೋಳಿನೊಳಗೆ ಬೆರಳುಗಳನ್ನು ಅಡಗಿಸಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ "ಹಾ" ಎಂದನು. ಕಣ್ಣು ತೆರೆದಾಗ ಐಸ್‌ಕ್ಯಾಂಡಿಗಳ ಮೇಲೆ ಬೆಳ್ಳಗೆ ಒಂದು ಎಳೆ ತೇಲಿ ಹೋಗುತ್ತಿತ್ತು. ಅವನದೇ. ಮತ್ತೊಮ್ಮೆ "ಹಾ" ಎಂದನು. ಮತ್ತೊಂದು.

"ಹುಲಿಗೀ," ಎಂದು ಕೂಗಿದನು, "ಬಾ, ನೋಡು ಬಾ!"

ಅವಳು ಬಂದು ಅವನ ಮಗ್ಗುಲಲ್ಲಿ ಬಗ್ಗಿ ನೋಡಿದಳು. ಅಷ್ಟರಲ್ಲೇ ಗುಂಯ್ ಎನ್ನುತ್ತಿದ್ದ ಪೆಟ್ಟಿಗೆ ಗಂಟಲು ಕಟ್ಟಿದಂತೆ ನಿಂತುಹೋಯಿತು. ಫ್ಯಾನು ನಿಂತಿತು. ಕರೆಂಟು ಹೋಗಿತ್ತು.

"ಆಫ್ ಆತು," ಎಂದನು ಖಾಜಾಸಾಬ. "ಇದೇ ಏನ್ರಪಾ ಆಫ್ ಸೀಸನ್ನು?"

ಹುಲಿಗೆಮ್ಮನು ಗಂಡನ ಕಡೆ ತಿರುಗಿ ಕೈ ಚಾಚಿದಳು. "ಬಿಚ್ಚು ಅದನ್ನ."

ಗಾದಿಲಿಂಗಪ್ಪನು ಸ್ವೆಟರನ್ನು ಎರಡೂ ಕೈಯಿಂದ ತಬ್ಬಿ ಹಿಡಿದನು. "ಬಿಚ್ಚಬ್ಯಾಡ ಹುಲಿಗೀ. ಯುಗಾದಿ ನಾಳಿಗಿ ಐತಲ್ಲ?"

"ಅಯ್ಯ, ಮೈಮ್ಯಾಗಿಂದ ಬಿಚ್ಚು ಅಂದೆ. ಐಸ್ ಕರಗಾಕತ್ತೈತಿ."

ಅವನ ಕೊರಳಿನಿಂದ ಅದನ್ನು ಅವಳೇ ಎಳೆದು ತೆಗೆದಳು. ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಸ್ವೆಟರನ್ನು ಹರಡಿ, ಮೂಲೆಮೂಲೆಗೂ ಎಳೆದು ಹೊದಿಸಿ, ಕೂಸಿಗೆ ಮಾಡುವಂತೆ ಒಮ್ಮೆ ತಟ್ಟಿದಳು.

"ಈ ಊರಾಗ ಥಂಡಿ ಇರಾದು ಇದಕ್ಕೊಂದಕ್ಕ. ಇದೇ ತೊಟ್ಕೊಳ್ಳಲಿ."

ಇಂತು ಮುಳ್ಳಯ್ಯನಗಿರಿಯು ತನ್ನ ಜಾಗದಲ್ಲಿ ತಾನಿರಲಾಗಿ, ಊರ್ಣಕವಚವು ಉದ್ದ ತೋಳೊಂದನ್ನು ಕೆಳಗೆ ಇಳಿಬಿಟ್ಟು ಐಸ್ ಪೆಟ್ಟಿಗೆಯ ಮೇಲೆ ಮಲಗಿತು. ಮೂವರು ಮಹಾವೀರರು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಕರೆಂಟು ಬರುವುದನ್ನು ಕಾಯುತ್ತ ಕೂತರು.