ಸಿಂಗಾಪುರದಲ್ಲಿ ಇಬ್ಬರ ಅಡುಗೆ

ನಮ್ಮ ಸೀಮೆಯಲ್ಲಿ ಗಂಡಸರು ಅಡುಗೆ ಮಾಡಬಾರದೆಂದು ಯಾರೂ ಹೇಳುವುದಿಲ್ಲ. ಹೇಳುವುದಿರಲಿ, ದೊಡ್ಡ ಅಡುಗೆಯೆಲ್ಲ ಗಂಡಸರದೇ. ಶಿರಸಿಯಲ್ಲಾಗಲಿ ಸಿದ್ದಾಪುರದಲ್ಲಾಗಲಿ, ಮನೆಯಲ್ಲಿ ಮದುವೆಯ ಮಾತು ಎದ್ದರೆ ಮುಹೂರ್ತಕ್ಕಿಂತ ಮೊದಲು ಗಟ್ಟಿ ಮಾಡಿಕೊಳ್ಳುವುದು ಅಡುಗೆಭಟ್ಟರನ್ನು. ಅವರು ಬರಿಮೈಯಲ್ಲಿ ಸೊಂಟಕ್ಕೊಂದು ಪಂಚೆ ಬಿಗಿದು ಕೊಪ್ಪರಿಗೆಯಲ್ಲಿ ಹುಳಿ ತಿರುವುತ್ತ ನಿಂತರೆ, ಮನೆಯ ಯಜಮಾನನೂ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ. ಸಾವಿರ ಜನಕ್ಕೆ ಬೇಯಿಸಿದ ಗಂಡಸಿಗೆ ಶಾಲು, ತೆಂಗಿನಕಾಯಿ, ಮರ್ಯಾದೆ ಎಲ್ಲವೂ ಉಂಟು. ಅದೇ ಗಂಡಸು ತನಗೂ ಹೆಂಡತಿಗೂ ಎಂದು ಒಂದು ಹಿಡಿ ಅಕ್ಕಿ ತೊಳೆದು ಒಲೆಗಿಟ್ಟ ಸುದ್ದಿ ಬಂದರೆ ಮಾತ್ರ ಊರಿನವರಿಗೆ ಅವನ ಬಗ್ಗೆ ಚಿಂತೆ ಶುರುವಾಗುತ್ತದೆ. ಎಷ್ಟು ಎಲೆಗಿಂತ ಕಡಿಮೆಯಾದರೆ ಮಾನ ಹೋಗುತ್ತದೆ ಎಂಬುದಕ್ಕೆ ಶಾಸ್ತ್ರದಲ್ಲಿ ಆಧಾರ ಇದೆಯೋ ಇಲ್ಲವೋ ನನಗೆ ತಿಳಿಯದು. ನಾನು ಸೀದಾ ಎರಡು ಎಲೆಗೆ ಇಳಿದವನು. ನಡುವಿನ ಮೆಟ್ಟಿಲುಗಳ ಅನುಭವ ನನಗಿಲ್ಲ.

ಇದಕ್ಕೆಲ್ಲ ಕಾರಣ ಸಿಂಗಾಪುರ. ನನ್ನ ಹೆಂಡತಿ ಅನಘಾ ಯಲ್ಲಾಪುರದವಳು. ಗಿಡಮರಗಳ ವಿಷಯ ಓದಿ ಶಿರಸಿಯ ಹತ್ತಿರದ ನರ್ಸರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಸಿಂಗಾಪುರದಲ್ಲಿ ಗಿಡ ನೆಡಲು ನೆಲ ಸಾಲದೆ ಎತ್ತರದ ಕಟ್ಟಡಗಳ ಗೋಡೆಯ ಮೇಲೆಯೇ ತೋಟ ಬೆಳೆಸುತ್ತಾರಂತೆ. ಹಾಗೆ ಬೆಳೆಸುವ ಒಂದು ಕಂಪನಿಯವರು ಫೋನಿನಲ್ಲೇ ಸಂದರ್ಶನ ಮಾಡಿ ಇವಳನ್ನು ಕರೆದರು. ನಮ್ಮ ಕಡೆ ಗೋಡೆಯಲ್ಲಿ ಗಿಡ ಹುಟ್ಟಿದರೆ ಕೀಳಲು ಆಳು ಹುಡುಕುತ್ತೇವೆ. ಅಲ್ಲಿ ಹುಟ್ಟಿಸಲು ಸಂಬಳ ಕೊಡುತ್ತಾರೆ. ಅವಳು ಖುಷಿಯಲ್ಲಿ ಮನೆಯಿಡೀ ಓಡಾಡಿದ ಆ ಸಂಜೆ, ಈ ಕೆಲಸಕ್ಕೆ ಅವಳು ಹೋಗಲೇಬೇಕು ಎಂದು ನನಗೆ ನಿಜವಾಗಿಯೂ ಅನ್ನಿಸಿತು. ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಸಿಂಗಾಪುರಕ್ಕೆ ನನ್ನಿಂದ ಏನಾದರೂ ಉಪಯೋಗ ಇದೆಯೇ ಎಂದು ಇಬ್ಬರೂ ಸೇರಿ ಹುಡುಕಿದೆವು. ಸಿಗಲಿಲ್ಲ. ಅವಳು ಉದ್ಯೋಗಿಯಾಗಿ ಹೋಗುವುದು, ನಾನು ಅವಳ ಅವಲಂಬಿತನಾಗಿ ಹೋಗುವುದು ಎಂದಾಯಿತು. ವ್ಯಾಕರಣ ಹೇಳಿಕೊಡುವವನಿಗೆ ಅವಲಂಬಿತ ಎಂಬ ಪದ ಹೊಸದಲ್ಲ; ಅದು ಮೈಮೇಲೆ ಬಂದು ಕೂತಾಗ ಮಾತ್ರ ಸ್ವಲ್ಪ ಚುಚ್ಚಿತು.

ಆ ಊರೋ ದ್ವೀಪ. ಇರುವ ಜಾಗ ಕಡಿಮೆ, ಆದ್ದರಿಂದ ಜಾಗಕ್ಕೆಲ್ಲ ಬೆಲೆ. ನಮಗೆ ತೋರಿಸಿದ ಬಾಡಿಗೆ ಮನೆಯ ಫೋಟೋದಲ್ಲಿ ಮಂಚದ ಮೇಲೆ ಕೂತವನ ಕೈಗೆ ಒಲೆ ಎಟಕುತ್ತಿತ್ತು. ಅದರ ಬಾಡಿಗೆ ಕೇಳಿದ ದಿನ, ಶಿರಸಿಯ ನಮ್ಮ ಮನೆ ಮಾಲೀಕರ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿತು. ಮನೆಕೆಲಸಕ್ಕೆ ಜನ ಇಡುವುದು ನಮ್ಮಂಥವರ ಕೈಲಾಗುವ ಮಾತಲ್ಲ. ದಿನವೂ ಹೊರಗೆ ಉಣ್ಣೋಣವೆಂದರೆ, ಅನ್ನದ ಮೇಲೆ ತಂಬುಳಿ ಬೀಳದಿದ್ದರೆ ನನಗೆ ಊಟವಾದಂತೆಯೇ ಅನ್ನಿಸುವುದಿಲ್ಲ. ಒಂದು ಭಾನುವಾರ ಕೂತು ತೀರ್ಮಾನ ಮಾಡಿದೆವು: ಅವಳು ದುಡಿಯುವುದು, ನಾನು ಅಡುಗೆ ಮಾಡಿ ಮನೆ ನೋಡಿಕೊಳ್ಳುವುದು. ತೀರ್ಮಾನ ಬಹಳ ಸುಲಭವಾಗಿ ಆಯಿತು, ಏಕೆಂದರೆ ಆಗ ಮನೆಯಲ್ಲಿ ನಾವಿಬ್ಬರೇ ಇದ್ದೆವು.

ಕಷ್ಟ ಶುರುವಾದದ್ದು ನೆಂಟರಿಗೆ ಗೊತ್ತಾದ ಮೇಲೆ. ಪರದೇಶಕ್ಕೆ ಹೊರಟವರನ್ನು ನಮ್ಮಲ್ಲಿ ಊಟಕ್ಕೆ ಕರೆಯದೆ ಕಳಿಸುವ ಪದ್ಧತಿಯಿಲ್ಲ. ಅಲ್ಲಿ ಹೋದ ಮೇಲೆ ಇವರಿಗೆ ಅನ್ನ ಕಾಣುವುದಿಲ್ಲ ಎಂಬ ನಂಬಿಕೆಯಲ್ಲಿ ಎಲ್ಲರೂ ಮುಂಗಡವಾಗಿ ಉಣ್ಣಿಸುತ್ತಾರೆ. ಮೊದಲ ಕರೆ ಹೇರೂರಿನಿಂದ, ನನ್ನ ಅಪ್ಪನ ಅಕ್ಕನಿಂದ. ಹೇರೂರತ್ತೆಯ ಮಾತಿಗೆ ನಮ್ಮ ಬಳಗದಲ್ಲಿ ಮೇಲ್ಮನವಿಯಿಲ್ಲ. ಬಾಳೆಲೆಯ ಮುಂದೆ ಕೂತು ಇನ್ನೂ ಉಪ್ಪಿನಕಾಯಿ ನೆಕ್ಕಿರಲಿಲ್ಲ, ಅತ್ತೆ ಕೇಳಿದಳು:

“ಅಲ್ದೋ ತಮ್ಮಾ, ಅನಘಾ ಕೆಲಸಕ್ಕೆ ಹೋಗ್ತು. ನೀ ಅಲ್ಲಿ ಎಂತ ಮಾಡ್ತೆ?”

ಸಾಲಾಗಿ ಕೂತ ಗಂಡಸರೆಲ್ಲ ಕಲಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಅಡುಗೆ ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು “ಸಂಶೋಧನೆ.”

ಇದೊಂದು ಒಳ್ಳೆಯ ಪದ. ಸಂಶೋಧನೆ ಮಾಡುವವನನ್ನು ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ, ಎಲ್ಲಿ ಉತ್ತರ ಕೊಟ್ಟುಬಿಡುತ್ತಾನೋ ಎಂಬ ಭಯ. ಎಲ್ಲರೂ ಹೂಂ ಎಂದು ಹುಳಿ ಹಾಕಿಸಿಕೊಂಡರು. ಅನಘಾ ಎದುರುಸಾಲಿನಿಂದ ನನ್ನನ್ನು ಒಮ್ಮೆ ನೋಡಿ ತನ್ನ ಎಲೆ ನೋಡಿಕೊಂಡಳು.

ಮಾನವೇನೋ ಉಳಿಯಿತು. ಆದರೆ ಅಡುಗೆ ಕಲಿಯಬೇಕಲ್ಲ? ಹೆಂಡತಿಯನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದ್ದೆ. ಅವಳು ಚೆನ್ನಾಗಿಯೇ ಅಡುಗೆ ಮಾಡುತ್ತಾಳೆ, ಚೆನ್ನಾಗಿಯೇ ಕಲಿಸುತ್ತಾಳೆ. ನಾನು ಮಾಸ್ತರನಾದ್ದರಿಂದ ನನಗೆ ಕಲಿಸಿಕೊಳ್ಳುವ ಅಭ್ಯಾಸ ತಪ್ಪಿಹೋಗಿದೆ. ಮೊದಲ ಪಾಠ ಒಗ್ಗರಣೆ. ಸಾಸಿವೆ ಸಿಡಿಯುವ ಮುಂಚೆ ನಾವಿಬ್ಬರೂ ಸಿಡಿದು, ಮರುದಿನದವರೆಗೂ ಮಾತು ಬಿಟ್ಟೆವು. ಆಮೇಲೆ ನೆನಪಾದದ್ದು ಪರಿಚಯದ ಅಡುಗೆಭಟ್ಟರು. ಗಂಡಸಿಗೆ ಗಂಡಸು ಗುರುವಾದರೆ ಗುಟ್ಟು ಉಳಿದೀತೆಂದು ಅವರನ್ನು ಹಿಡಿದು, ಇಬ್ಬರಿಗೆ ಸಾರು ಮಾಡುವುದು ಹೇಗೆ ಎಂದು ಕೇಳಿದೆ. ಭಟ್ಟರು ಬೆರಳು ಮಡಚಿ ಲೆಕ್ಕ ಹಾಕಿ ನೋಡಿದರು.

“ಐನೂರು ಜನಕ್ಕಾದ್ರೆ ಕಣ್ಣು ಮುಚ್ಚಿ ಹೇಳಲಾಗ್ತು ಮಾರಾಯಾ. ಇಬ್ರಿಗೆ ಹೆಂಗೆ ಮಾಡ್ತ ಹೇಳಿ ನಂಗೆ ಗೊತ್ತಿಲ್ಲೆ. ಮನೇಲಿ ಹೆಂಡ್ತಿ ಮಾಡ್ತು” ಎಂದರು.

ಹಾಗಾಗಿ ಊಟದ ಮನೆಗಳನ್ನೇ ಪಾಠಶಾಲೆ ಮಾಡಿಕೊಂಡೆ. ಹೋದ ಮನೆಯಲ್ಲೆಲ್ಲ ಎಲೆ ಹಾಕುವ ಮೊದಲು ಏನಾದರೊಂದು ನೆಪ ಮಾಡಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದು, ಕಣ್ಣಿಗೆ ಬಿದ್ದದ್ದನ್ನು ಮನಸ್ಸಿನಲ್ಲೇ ಬರೆದುಕೊಳ್ಳುವುದು. ಹೆಗಡೆಕಟ್ಟಾದ ಚಿಕ್ಕಿ, ಎಂದರೆ ನನ್ನ ಅಮ್ಮನ ತಂಗಿ, ತಂಬುಳಿಗೆ ಬಹಳ ಪ್ರಸಿದ್ಧಳು. ಅವಳು ಒರಳಿಗೆ ಕಾಯಿತುರಿ ಹಾಕುವುದನ್ನು ನೋಡಿ, “ಚಿಕ್ಕೀ, ಇದಕ್ಕೆ ಜೀರಿಗೆ ಎಷ್ಟು?” ಎಂದೆ.

“ಅದ್ಕೆಂತ ಲೆಕ್ಕ ಇದ್ದು? ಒಂದು ಅಂದಾಜಲ್ಲಿ ಹಾಕದಪ” ಎಂದಳು ಚಿಕ್ಕಿ.

ನಮ್ಮ ಕಡೆಯ ಅಡುಗೆಯಲ್ಲಿ ಉಪ್ಪು, ಹುಳಿ, ಖಾರಗಳಿಗಿಂತ ಹೆಚ್ಚಾಗಿ ಬಳಸುವ ಪದಾರ್ಥವೆಂದರೆ ಈ ಅಂದಾಜು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಂಗಾಪುರದಲ್ಲಿ ಸಿಕ್ಕಿದರೂ ದುಬಾರಿಯೇ ಇರಬೇಕು. ನಾನು ಬಿಡದೆ, ಮೆಣಸು ಯಾವಾಗ, ಮಜ್ಜಿಗೆ ಯಾವಾಗ ಎಂದು ಕೇಳುತ್ತ ಹೋದೆ. ಚಿಕ್ಕಿ ಅರೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನು ನೋಡಿದಳು. ಅವಳ ಕಣ್ಣಲ್ಲಿ ಕರುಣೆ ತುಂಬಿಕೊಂಡಿತು. “ಹಶವಾತನ ತಮ್ಮಾ?” ಎಂದು ಕೇಳಿ, ಊಟಕ್ಕೆ ಮೊದಲೇ ಒಂದು ಬಟ್ಟಲು ತಂಬುಳಿ ಕೈಗಿಟ್ಟಳು. ಹಸಿದವನಂತೆ ಕುಡಿದೆ. ಅಷ್ಟು ಚೆನ್ನಾಗಿತ್ತು, ಕುಡಿಯದೆ ಏನು ಮಾಡಲಿ?

ಆ ಒಂದು ಬಟ್ಟಲು ತಂಬುಳಿ ಹೆಗಡೆಕಟ್ಟಾದಿಂದ ಹೊರಟು ಎಲ್ಲೆಲ್ಲಿ ಹರಿಯಿತು ಎಂಬುದು ನನಗೆ ಆಮೇಲೆ ತಿಳಿಯಿತು. ಚಿಕ್ಕಿ ಹೇರೂರತ್ತೆಗೆ ಫೋನು ಮಾಡಿ, ಮಾಣಿ ಅಡುಗೆಮನೆ ಬಾಗಿಲಲ್ಲಿ ನಿಂತು ಒಲೆಯನ್ನೇ ನೋಡುತ್ತಿದ್ದ ಎಂದಳಂತೆ. ಅತ್ತೆಗೂ ತನ್ನ ಮನೆಯಲ್ಲಿ ನಾನು ಪಾತ್ರೆಗಳ ಮುಚ್ಚಳ ಎತ್ತಿ ನೋಡಿದ್ದು ನೆನಪಾಯಿತಂತೆ. ಇಬ್ಬರೂ ಕೂಡಿಸಿ ಭಾಗಿಸಿದಾಗ ಬಂದ ಉತ್ತರ: “ಪಾಪ, ಆ ಮಾಣಿಗೆ ಮನೇಲಿ ಊಟವೇ ಸರಿ ಸಿಕ್ತಿಲ್ಯಡ. ಕೂಸು ಬರೀ ಗಿಡಕ್ಕೆ ನೀರು ಹಾಕ್ತಡ, ಗಂಡಂಗೆ ಅನ್ನ ಹಾಕ್ತಿಲ್ಯಡ.” ನಮ್ಮಲ್ಲಿ ಗಂಡುಹುಡುಗ ಮಾಣಿ, ಹೆಣ್ಣುಮಗಳು ಎಷ್ಟು ದೊಡ್ಡವಳಾದರೂ ಕೂಸು; ಮಾತಿನ ಕೊನೆಗೆ ಹೀಗೊಂದು ‘ಅಡ’, ಎಂದರೆ ‘ಅಂತೆ’, ಸೇರಿಸಿದರೆ ಹೇಳಿದವರ ಜವಾಬ್ದಾರಿ ಮುಗಿಯಿತು. ಸುದ್ದಿ ಸಿದ್ದಾಪುರ ಸುತ್ತಿ ಶಿರಸಿಗೆ ಬಂತು, ಶಿರಸಿಯಲ್ಲಿ ಬಸ್ಸು ಹತ್ತಿ ಯಲ್ಲಾಪುರಕ್ಕೂ ಹೋಯಿತು.

ಒಂದು ಬೆಳಿಗ್ಗೆ ಯಲ್ಲಾಪುರದ ಬಸ್ಸಿಳಿದು ನಮ್ಮ ಮನೆಗೆ ಬಂದವರು ನನ್ನ ಅತ್ತೆ, ಅನಘಾಳ ತಾಯಿ. ಎರಡೂ ಕೈಯಲ್ಲಿ ಊಟದ ಕ್ಯಾರಿಯರ್. ಅನಘಾ ಒಳಗೆ ಸ್ನಾನಕ್ಕೆ ಹೋಗಿದ್ದಳು. ಅವರು ನನ್ನ ಮುಂದೆ ತಟ್ಟೆಯಿಟ್ಟು, ಬಿಸಿ ಆರದ ಇಡ್ಲಿ ಬಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು. “ಓದ್ಸದ್ರಲ್ಲೇ ಆಗಿಹೋತು. ಕೂಸಿಗೆ ಅಡುಗೆ ಕಲ್ಸಿದ್ನಿಲ್ಲೆ, ತಪ್ಪು ನಂದೇ. ನೀವು ಬೇಜಾರು ಮಾಡ್ಕಳಡಿ” ಎಂದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಇಡ್ಲಿ ತಿಂದೆ. ತಲೆ ಎತ್ತಿದಾಗ ಅನಘಾ ಒದ್ದೆ ಕೂದಲಲ್ಲಿ ಬಾಗಿಲ ಬಳಿ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡು.

ಅವಳು ತಾಯಿಯನ್ನು ಬಸ್ಸು ಹತ್ತಿಸಲು ಹೋದಳು. ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು: “ನಿಂಗೆ ನಾಚಿಕೆ ಆಗ್ತು ಹೇಳಿ ನನ್ನ ಮರ್ಯಾದೆ ಹೋಗವಾ? ಆಯಿ ಕಣ್ಣೀರು ಹಾಕ್ತಾ ಕೂತಿದ್ದು. ನೀ ಎಂತ ಮಾಡ್ದೆ? ಮತ್ತೆರಡು ಇಡ್ಲಿ ಹಾಕಿಸ್ಕಂಡೆ.” ಅವಳ ಕಣ್ಣೂ ತುಂಬಿತ್ತು. ನನಗೆ ನಿಜವಾಗಿಯೂ ಅಸಹ್ಯವಾಯಿತು, ನನ್ನ ಮೇಲೆಯೇ. ತಪ್ಪಾಯಿತು ಎಂದೆ. “ತಪ್ಪಾತು ಹೇಳಿ ನಂಗೆ ಹೇಳಿರೆ ಆಗ್ತಿಲ್ಲೆ. ಹೊರಡೋ ಮುಂಚೆ ಎಲ್ಲರನ್ನೂ ಊಟಕ್ಕೆ ಕರಿ. ಅಡುಗೆ ನೀ ಮಾಡು. ಉಂಡಾದ ಮೇಲೆ ಎಲ್ಲರೆದುರಿಗೆ ಹೇಳು” ಎಂದಳು. ಹೂಂ ಎಂದು ಮಾತು ಕೊಟ್ಟೆ.

ಆ ದಿನದಿಂದ ನಾನು ಬಾಯಿ ಮುಚ್ಚಿಕೊಂಡು ಅವಳ ಹತ್ತಿರವೇ ಕಲಿತೆ. ಮಾಸ್ತರಿಕೆಯನ್ನು ಅಂಗಿಯ ಜೊತೆ ಗೂಟಕ್ಕೆ ತೂಗುಹಾಕಿ ಒಲೆಯ ಮುಂದೆ ನಿಂತರೆ ಅಡುಗೆ ಅಷ್ಟೇನೂ ಕಷ್ಟವಲ್ಲ. ಸೀದು ಹೋದದ್ದನ್ನು ಇಬ್ಬರೂ ಉಂಡೆವು, ಉಪ್ಪಾದದ್ದಕ್ಕೆ ನೀರು ಬೆರೆಸಿ ಉಂಡೆವು. ಒಂದು ದಿನ ಕೈ ತಾನಾಗಿಯೇ ಜೀರಿಗೆ ತೆಗೆದು ಹಾಕಿತು. ಎಷ್ಟು ಎಂದು ಕೇಳಿದ್ದರೆ ಹೇಳಲು ನನಗೂ ಬರುತ್ತಿರಲಿಲ್ಲ. ಅವತ್ತು ಆದ ಸಂತೋಷ, ಮಾಸ್ತರ ಕೆಲಸ ಸಿಕ್ಕಿದ ದಿನವೂ ಆಗಿರಲಿಲ್ಲ.

ಊಟದ ದಿನ ಬೆಳಕು ಹರಿಯುವ ಮುಂಚೆ ಎದ್ದೆ. ಅನ್ನ, ತೊಂಡೆಕಾಯಿ ಪಲ್ಯ, ಸೌತೆಕಾಯಿ ಹುಳಿ, ಒಂದೆಲಗದ ತಂಬುಳಿ, ಮಾವಿನಕಾಯಿಯ ಅಪ್ಪೆಹುಳಿ, ಕಡಲೆಬೇಳೆ ಪಾಯಸ. ಅಷ್ಟೂ ಹೊತ್ತು ಅನಘಾ ಅಡುಗೆಮನೆಗೆ ಕಾಲಿಡಲಿಲ್ಲ. ಎಲ್ಲ ಮುಗಿದಾಗ ನಾನು ಮಸಿ, ಬೆವರು, ಹಿಟ್ಟುಗಳ ಮುದ್ದೆಯಾಗಿದ್ದೆ. ಈ ವೇಷದಲ್ಲಿ ನೆಂಟರ ಮುಂದೆ ನಿಲ್ಲುವುದೇ? ಮಹತ್ವದ ಮಾತು ಆಡಲಿಕ್ಕಿದೆ, ಸ್ವಲ್ಪ ನೀಟಾಗಿರಬೇಕು ಎಂದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು, ಹಣೆಗೆ ಗಂಧ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಎಲ್ಲರನ್ನೂ ಸ್ವಾಗತಿಸಿದೆ. ಹಪ್ಪಳ ಮಾತ್ರ ಬಿಸಿಬಿಸಿ ಕರಿಯಬೇಕಿತ್ತು. ನನ್ನ ಪಂಚೆಗೆ ಎಣ್ಣೆ ಹಾರೀತೆಂದು ಅದನ್ನು ಅನಘಾ ಕರಿದಳು. ಹೀಗಾಗಿ ಹೇರೂರತ್ತೆ ಒಳಗೆ ಬಂದಾಗ ಕಂಡದ್ದು, ಒಲೆಯ ಮುಂದೆ ಕೆಂಪುಮುಖದಲ್ಲಿ ಬೆವರುತ್ತ ನಿಂತ ಸೊಸೆ, ಮತ್ತು ಜಗಲಿಯಲ್ಲಿ ಪನ್ನೀರು ಚಿಮುಕಿಸಿಕೊಂಡವನಂತೆ ನಿಂತ ನಾನು.

ಎಲ್ಲರೂ ಚಪ್ಪರಿಸಿಕೊಂಡು ಉಂಡರು. ಅಪ್ಪೆಹುಳಿಯನ್ನು ಚಿಕ್ಕಿ ಮತ್ತೆ ಮತ್ತೆ ಹಾಕಿಸಿಕೊಂಡಳು. “ಯಾರು ಎಂತದೇ ಹೇಳ್ಲಿ, ಕೂಸಿನ ಕೈ ಭಾರೀ ಚೊಲೋ ಇದ್ದು” ಎಂದಳು. ಯಲ್ಲಾಪುರದ ಅತ್ತೆಯವರ ಮುಖದ ಮೇಲೆ ಅಷ್ಟು ದಿನದ ಮೇಲೆ ನಗು ಬಂತು. ಅನಘಾಳ ಹೆಸರು ಒಂದು ಪಂಕ್ತಿಯಲ್ಲಿ ತೊಳೆದು ಶುಭ್ರವಾಯಿತು. ನನ್ನ ಗುಟ್ಟೂ ಉಳಿದಿತ್ತು. ಬಾಯಿ ಬಿಡದಿದ್ದರೆ ನಾನು ಇಷ್ಟು ದಿನ ಬಯಸಿದ್ದೆಲ್ಲ ಅಲ್ಲಿಗೇ ಕೈಗೂಡಿದಂತೆ. ಆದರೆ ಚಿಕ್ಕಿ ಮೂರನೆಯ ಸಲ “ಕೂಸಿನ ಕೈ” ಎಂದಾಗ ನನ್ನೊಳಗೆ ಏನೋ ಕುದಿಯತೊಡಗಿತು. ಬೆಳಗಿನ ಜಾವದಿಂದ ನಿಂತ ಕಾಲು ನನ್ನದು, ಸುಟ್ಟುಕೊಂಡ ಬೆರಳು ನನ್ನದು! ಹೆಂಡತಿಗೆ ಕೊಟ್ಟ ಮಾತಿಗಾಗಿ ಎದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿನಿಂದ ಎದ್ದೆ.

“ಇವತ್ತಿನ ಅಡುಗೆಯೆಲ್ಲ ಆನೇ ಮಾಡಿದ್ದು, ಈ ನನ್ನ ಕೈಯಿಂದ್ಲೇ. ಸಿಂಗಾಪುರದಲ್ಲೂ ಅದೇ ನನ್ನ ಕೆಲಸ, ಸಂಶೋಧನೆ ಪಂಶೋಧನೆ ಎಂತದೂ ಇಲ್ಲೆ” ಎಂದು ಗಟ್ಟಿಯಾಗಿ ಹೇಳಿದೆ.

ಎಲೆಗಳ ಮುಂದೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವಳು ಹೇರೂರತ್ತೆ ಒಬ್ಬಳೇ. ಅವಳು ನನ್ನ ಬಿಳಿ ಪಂಚೆಯನ್ನೂ ಹಣೆಯ ಗಂಧವನ್ನೂ ನೋಡಿ ಹೇಳಿದಳು: “ತಮ್ಮಾ, ಕೂಸು ಬೆಳಗಿಂದ ಬೇಯ್ಸಿ ದಣದು ಹೋಜು. ನೀನು ಮಿಂದು ಮಡಿ ಉಟ್ಗಂಡು ಬಂದು ಆನು ಮಾಡಿದ್ದು ಹೇಳ್ತೆ ಅಲ್ದಾ? ಹೆಂಡ್ತಿ ಅನ್ನ ತಿನ್ನು, ಹೆಸರು ತಿನ್ನಬೇಡ.”

ನಾನು ದಿಕ್ಕುಗೆಟ್ಟು ಅನಘಾಳ ಕಡೆ ನೋಡಿದೆ. ಅವಳು ಪಾಯಸದ ಸೌಟು ಹಿಡಿದು ನಿಂತಿದ್ದಳು. “ಹೌದು ಅತ್ತೆ, ಎಲ್ಲ ಅವಂದೇ. ಆನು ಹಪ್ಪಳ ಕರ್ದಿದ್ದು ಅಷ್ಟೇ” ಎಂದಳು, ದೇವರಾಣೆಗೂ ನಿಜವನ್ನೇ.

“ನೋಡಿ, ಎಷ್ಟಾದ್ರೂ ಗಂಡನ್ನ ಬಿಟ್ಟುಕೊಡ್ತಿಲ್ಲೆ. ಹಿಂಗಿಪ್ಪ ಕೂಸು ಸಿಗಕಾದ್ರೆ ಪುಣ್ಯ ಮಾಡಿರವು” ಎಂದು ಹೇರೂರತ್ತೆ ಪಾಯಸಕ್ಕೆ ಎಲೆ ಒಡ್ಡಿದಳು.

ಈಗ ಟಿಕೆಟ್ ಆಗಿದೆ, ಪೆಟ್ಟಿಗೆ ಕಟ್ಟಿದೆ. ಇಷ್ಟು ದಿನ ಆ ದ್ವೀಪಕ್ಕೆ ಹೋಗಲು ಒಳಗೊಳಗೇ ಹೆದರುತ್ತಿದ್ದವನಿಗೆ ಈಗ ವಿಪರೀತ ಅವಸರ. ಅಲ್ಲಿ ನನ್ನ ಅಡುಗೆ ಉಣ್ಣುವವಳು ಒಬ್ಬಳೇ, ಮಾಡಿದವರು ಯಾರೆಂಬುದು ಅವಳಿಗೆ ಗೊತ್ತು. ಮೊನ್ನೆ ಅನಘಾ, “ಅಲ್ಲಿ ಎಲ್ಲಾ ಸರಿಯಾದ ಮೇಲೆ ಹೇರೂರತ್ತೆ, ಚಿಕ್ಕಿ, ಆಯಿ ಎಲ್ಲರನ್ನೂ ಒಂದ್ಸಲ ಕರ್ಸನ” ಎಂದಳು. ಮನೆ ಚಿಕ್ಕದು, ಮಲಗಲು ಜಾಗ ಸಾಲದು, ಊರು ದುಬಾರಿ ಎಂದೆಲ್ಲ ಹೇಳಿ ತಪ್ಪಿಸಿದೆ. ನಿಜವಾದ ಕಾರಣ ಹೇಳಲಿಲ್ಲ. ಅವರೆಲ್ಲ ಸಮುದ್ರ ದಾಟಿ ಬಂದು, ನಾನು ಬೇಯಿಸಿದ್ದನ್ನು ಉಂಡು, ಕೂಸಿನ ಕೈಯನ್ನು ಹೊಗಳಿ ಹೋಗುವುದನ್ನು ನೋಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.