ಗುರುಗಳಿಗೆ ಆನ್‌ಲೈನ್ ಪಾಠ ಕಲಿಸಿದ ಪಾಪ

ನಾ ಯಾರಿಗರೆ ಒಳ್ಳೇದು ಮಾಡಾಕ ಹೋದ್ರ ಏನಾರೆ ಒಂದು ಕಿತಾಪತಿ ಆಗೇ ಆಗತೈತಿ, ಇದು ಇವತ್ತಿಂದಲ್ಲ. ಆದ್ರ ಕೊರೊನಾ ಕಾಲದಾಗ ಆದಷ್ಟು ಯಾವತ್ತೂ ಆಗಿಲ್ಲ. ನಾ ಮುದ್ದೇಬಿಹಾಳದ ಒಂದು ಕಾಲೇಜಿನ್ಯಾಗ ಕಂಪ್ಯೂಟರ್ ಲೆಕ್ಚರರ್. ಹುಡುಗರೆಲ್ಲಾ ಊರು ಸೇರಿದಾಗ ನಮ್ಮ ಪ್ರಿನ್ಸಿಪಾಲರು, "ಸುತ್ತಲಿನ ಕಾಲೇಜಿನವರಿಗೆ ಆನ್‌ಲೈನ್ ಪಾಠ ಹೆಂಗ ಮಾಡಬೇಕಂತ ಹೇಳಿಕೊಟ್ಟು ಬಾ" ಅಂತ ನನ್ನ ಅಟ್ಟಿದರು. ನನ್ನ ಅರ್ಹತಾ ಏನು? ಸ್ಟಾಫ್‌ರೂಮಿನ ಪ್ರಿಂಟರ್ ಕೈಕೊಟ್ಟಾಗ ಅದನ್ನ ಬಂದ್ ಮಾಡಿ ಚಾಲೂ ಮಾಡೂದು ನನಗೊಬ್ಬಗ ಗೊತ್ತಿತ್ತು. ಬೈಕ್ ಹತ್ತಿ ಹೊಂಟೆ. ಈಗ ನೆನಸಿಕೊಂಡ್ರ ನಗು ಬರತೈತಿ, ಬೆನ್ನಿಗೇ ನಾಚಿಕೀನೂ ಬರತೈತಿ.

ಇಂಡಿ: ಕನ್ನಡಿ

ಇಂಡಿಯ ಗಣಿತದ ಮೇಡಂ ಭಾಳ ಕಷ್ಟಪಡೋ ಜೀವ. ಒಂದಿನ ಫೋನ್ ಮಾಡಿದರು: "ಸರ, ಬೋರ್ಡಿನ ಮ್ಯಾಲ ಬರದದ್ದು ಮೊಬೈಲಿನ್ಯಾಗ ಉಲ್ಟಾ ಕಾಣತೈತ್ರಿ."

ನಾ ಊಟಕ್ಕ ಕುಂತಿದ್ದೆ. "ಹಂಗಾರ ನೀವು ಉಲ್ಟಾ ಬರೀರಿ ಮೇಡಂ, ಸುಲ್ಟಾ ಕಾಣತೈತಿ" ಅಂತ ಚಾಷ್ಟಿ ಮಾಡಿ ಫೋನ್ ಇಟ್ಟೆ.

ಆ ಪುಣ್ಯಾತ್ಗಿತ್ತಿ ಒಂದು ವಾರ ಕುಂತು ಉಲ್ಟಾ ಬರಿಯೂದು ಕಲತರು. ನಾ ಹೋಗಿ ಅವರ ಮೊಬೈಲಿನ್ಯಾಗ ನೋಡಿದೆ. ಅಕ್ಷರ ಮುತ್ತಿನಂಗ ಅದಾವ. ಚಾಷ್ಟಿ ಮಾಡಿದ್ದು ನನಗ ಮರತೇ ಹೋಗಿತ್ತು. "ಭೇಷ್ ಮೇಡಂ!" ಅಂದು ಬಂದೆ. ಉಲ್ಟಾ ಕಾಣೂದು ಬರದವರ ಮೊಬೈಲಿನ್ಯಾಗ ಅಷ್ಟ, ಹುಡುಗರಿಗೆ ಮೊದಲಿಂದನೂ ಸುಲ್ಟಾನ ಕಾಣತಿತ್ತು ಅನ್ನೂದನ್ನ ಹೇಳಬೇಕಾದಾಂವ ನಾನ. ಹೇಳಲಿಲ್ಲ.

ಹದಿನೈದು ದಿನದ ಮ್ಯಾಲ ಆಲಮೇಲದ ಒಬ್ಬ ಹುಡುಗಿ ಮೇಡಂಗೆ ಅಂದ್ಲಂತ: "ಮೇಡಂ, ಕ್ಲಾಸು ಒಂದು ತಾಸು ತಡಾ ಮಾಡ್ರಿ. ನಿಮ್ಮ ಬೋರ್ಡ್ ಓದಾಕ ಕನ್ನಡಿ ಬೇಕು. ನಮ್ಮ ಮನ್ಯಾಗ ಇರೂದು ಒಂದ ಕನ್ನಡಿ, ನಮ್ಮಪ್ಪನ ದಾಡಿ ಇನ್ನೂ ಮುಗದಿರಂಗಿಲ್ಲ."

ಸಿಂದಗಿ: ಏರದ ಬೆಲಿ

ಸಿಂದಗಿಯ ಅರ್ಥಶಾಸ್ತ್ರದ ಸರ್ ನನಗೂ ಪಾಠ ಹೇಳಿದವರು. ಅವರ ಪದ್ಧತಿ ಅಂದ್ರ, ಯಾವ ವಾಕ್ಯನೂ ತಾವು ಮುಗಸಂಗಿಲ್ಲ. "ಬೇಡಿಕಿ ಹೆಚ್ಚಾದ್ರ ಬೆಲಿ...?" ಅಂತ ಕೈ ಮ್ಯಾಲೆತ್ತಿ ನಿಲ್ಲತಿದ್ದರು. ಇಡೀ ಕ್ಲಾಸು "ಏರತೈತ್ರೀ!" ಅಂತ ಚೀರಬೇಕು. ಚೀರೂತನಕ ಕೈ ಇಳಸತಿರಲಿಲ್ಲ.

ಸರ್ ನನ್ನ ಕೈ ಹಿಡಕೊಂಡು ಅಂದರು: "ತಮ್ಮಾ, ಇದು ನನ್ನ ಕಡೇ ಬ್ಯಾಚು. ನಾಕು ತಿಂಗಳಿಗೆ ರಿಟೈರ್ ಆಗತೇನಿ. ಡಬ್ಬಿಗೆ ಪಾಠ ಹೇಳಿ ಮನಿಗೆ ಹೋದಂಗ ಆಗಬಾರದು ನೋಡು. ನನ್ನ ಮಾತು ಹುಡುಗರಿಗೆ ಮುಟ್ಟಬೇಕು."

ನಾ ಮೊದಲನೇ ಪಾಠ ಹೇಳಿದೆ: "ಎಲ್ಲಾರ ದನಿ ಬಂದ್ ಮಾಡ್ರಿ ಸರ. ಇಲ್ಲಾಂದ್ರ ಒಬ್ಬರ ಮನಿ ಎಮ್ಮಿ, ಒಬ್ಬರ ಮನಿ ಮಿಕ್ಸರ್, ಎಲ್ಲಾ ಕೇಳತೈತಿ." ಗುಂಡಿ ಎಲ್ಲೈತಿ ಅಂತ ತೋರಿಸಿದೆ.

ಮರುದಿನ ಸರ್ ದನಿ ಬಂದ್ ಮಾಡಿ, ಕೈ ಎತ್ತಿ, "ಬೆಲಿ...?" ಅಂದರು. ಯಾರದೂ ಉಸಿರಿಲ್ಲ. ಮತ್ತ ಅಂದರು. ಇನ್ನೊಂದು ಸಲ ಬಿಡಿಸಿ ಹೇಳಿ, ಮತ್ತ ಅಂದರು. ಹುಡುಗರು ಮನ್ಯಾಗ ಗಂಟಲು ಹರಕೊಂಡು ಚೀರಾಕತ್ತಾರ, ಇವರಿಗೆ ಕೇಳವಲ್ದು. ಅರ್ಧ ತಾಸಿನ ಕ್ಲಾಸು ಮುಗೀತು. ಅವತ್ತು ಸಿಂದಗಿಯೊಳಗ ಬೇಡಿಕಿ ಹನ್ನೆರಡು ಸಲ ಹೆಚ್ಚಾತು, ಬೆಲಿ ಮಾತ್ರ ಏರಲೇ ಇಲ್ಲ.

"ಸರ, ಆನ್‌ಲೈನದಾಗ ಸುಮ್ಮನಿದ್ದಾರಂದ್ರ ಕೇಳಾಕತ್ತಾರಂತ ತಿಳೀರಿ" ಅಂತ ಸಮಾಧಾನ ಹೇಳಿದೆ. ಪಾಪ, ನಂಬಿದರು.

ಬಸವನ ಬಾಗೇವಾಡಿ: ನಗದ ಮೇಡಂ

ಈ ಕತಿನ ನಾ ಬಾಗೇವಾಡಿ ತರಬೇತಿಯೊಳಗ ಹೇಳಿದೆ. ಹೆಸರು ಹೇಳಲಿಲ್ಲ, ಆದ್ರ ಸರ್ ಕೈ ಎತ್ತೂದನ್ನ ಮಾಡಿ ತೋರಿಸಿದೆ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ಮುಂದ ಕುಂತ ಒಬ್ಬ ಮೇಡಂ ಮಾತ್ರ ನಗಲಿಲ್ಲ. ಚಹಾದ ಹೊತ್ತಿನ್ಯಾಗ ಬಂದರು.

"ಅವರು ನಮ್ಮಪ್ಪರಿ. ಅವತ್ತು ಮನಿಗೆ ಬಂದು ಊಟ ಮಾಡಲಿಲ್ಲ. ಹುಡುಗರಿಗೆ ನಾ ಬ್ಯಾಸರಾಗೇನಿ ಅಂದರು."

ನನ್ನ ಕೈಯಾಗಿನ ಬಿಸ್ಕೀಟು ಚಹಾದಾಗ ಬಿತ್ತು. ಆ ಹೊತ್ತಿಗೆ ನೆಲ ಬಾಯಿ ಬಿಟ್ಟಿದ್ರ ಇಳದುಬಿಡತಿದ್ದೆ. "ತಪ್ಪಾತ್ರಿ ಮೇಡಂ" ಅಂದೆ.

"ಇಷ್ಟಾದ್ರೂ ಅವರು ನಿಮ್ಮನ್ನ ಭಾಳ ಶಾಣ್ಯಾ ಅಂತಾರ. ಮನಶಾರನ್ನ ತಿಳಕೊಳ್ಳಾಕ ನಮ್ಮಪ್ಪಗ ಮೊದಲಿಂದನೂ ಬರಂಗಿಲ್ಲರಿ" ಅಂದು ಹೋದರು.

ಮತ್ತ ಸಿಂದಗಿ: ಕಡೇ ಕ್ಲಾಸು

ಸರ್ ರಿಟೈರ್ ಆಗೋ ದಿನ ನಾನ ಹೋಗಿ ಎಲ್ಲಾ ಜೋಡಿಸಿಕೊಟ್ಟೆ. ಒಂದು ಮಾತು ಮಾತ್ರ ಹೇಳಲಿಲ್ಲ: ಪುಕ್ಕಟೆ ಆ್ಯಪು ನಲವತ್ತು ನಿಮಿಷಕ್ಕ ತಾನ ಬಂದ್ ಆಗತೈತಿ. ಸರ್ ಕ್ಲಾಸು ಯಾವತ್ತೂ ಅರ್ಧ ತಾಸು, ಹೇಳೂದೇನು ಅಂತ ಬಿಟ್ಟೆ.

"ಹುಡುಗರ ಮಾರಿ ನೋಡಿದ್ರ ನನಗ ಅಳು ಬರತೈತೋ" ಅಂದು ಸರ್, ಬೆಳಿಗ್ಗೆ ಸ್ಟಾಫಿನವರು ಹೊದಿಸಿದ ಶಾಲನ್ನ ಲ್ಯಾಪ್‌ಟಾಪಿನ ಪರದೆಗೆ ಹೊದಿಸಿ, ಕ್ಯಾಮೆರಾದ ತೂತಷ್ಟ ಬಿಟ್ಟು ಮಾತು ಚಾಲೂ ಮಾಡಿದರು. ನಾ ಪೇಡೆ ತರಾಕ ಪ್ಯಾಟಿಗೆ ಹೋದೆ.

ನಮ್ಮ ಕಡೆ ಭಾಷಣ ಅಂದ್ರ ಮೊದಲು ಉಪಕಾರ ಸ್ಮರಣೆ. ಸಂಸ್ಥಾಪಕರಿಂದ ಹಿಡಿದು ಒಬ್ಬೊಬ್ಬರನ್ನ ನೆನಸಿ ಸರ್ ಗಂಟಿ ಹೊಡಿಯೋ ಸಿಪಾಯಿತನಕ ಬರೂದರೊಳಗ ನಲವತ್ತು ನಿಮಿಷ ಆಗಿಹೋತು. ಹುಡುಗರು ನನಗ ಫೋನ್ ಮಾಡಿದರು: "ಸರ, ಬಂದ್ ಆತ್ರಿ." ಪೇಡೆ ಅಂಗಡಿ ಗದ್ದಲದಾಗ ನಾ, "ಮುಗಿಸಿರಬೇಕು ಬಿಡ್ರಪಾ" ಅಂದೆ.

ಒಂದು ತಾಸು ಬಿಟ್ಟು ಬಂದು ನೋಡತೇನಿ, ಸರ್ ಇನ್ನೂ ಶಾಲಿನ ಮುಂದ ನಿಂತು ಮಾತಾಡಾಕತ್ತಾರ. ಕಣ್ಣಾಗ ನೀರು. ಕೈ ಮುಗಿದು ಮುಗಿಸಿ, ನನ್ನ ಕಡೆ ತಿರುಗಿದರು.

"ಹುಡುಗರು ಎಷ್ಟು ಶಾಂತ ಕುಂತು ಕೇಳಿದರೋ! ಮೂವತ್ತು ವರ್ಷದಾಗ ಎಷ್ಟು ಕಾಡಿದರೂ ಇಂಪಾರ್ಟೆಂಟ್ ಪ್ರಶ್ನೆ ಹೇಳಿದಾಂವಲ್ಲ ನಾ. ಇವತ್ತು ಎಲ್ಲಾ ಹೇಳಿಬಿಟ್ಟೆ. ಒಬ್ಬರರೆ ಹೋ ಅಂದ್ರೇನು? ಅಳಾಕತ್ತಿರಬೇಕು, ಪಾಪ. ಅಲ್ಲೇನು?"

ಹೇಳಬೇಕಿತ್ತು. ಧೈರ್ಯ ಆಗಲಿಲ್ಲ. "ಹೌದ್ರಿ ಸರ. ಎಲ್ಲಾರೂ ಅತ್ತರು."

"ಮುಟ್ಟಿತಲ್ಲ?"

"ಮುಟ್ಟಿತ್ರಿ ಸರ."

ಸರ್ ಒಂದು ಪೇಡೆ ಬಾಯಾಗ ಹಾಕ್ಕೊಂಡವರು ಒಮ್ಮೆಲೇ ಗಾಬರಿಯಾಗಿ ಪ್ರಿನ್ಸಿಪಾಲರ ರೂಮಿನ ಕಡೆ ನೋಡಿದರು. "ಲೇ, ಇದು ರೆಕಾರ್ಡ್ ಆಗಿಲ್ಲ ಹೌದಿಲ್ಲೋ? ನಾ ಇಂಪಾರ್ಟೆಂಟ್ ಹೇಳಿದ್ದು ಹೊರಗ ಯಾರಿಗೂ ಗೊತ್ತಾಗಬಾರದು."

"ಯಾರಿಗೂ ಗೊತ್ತಾಗಂಗಿಲ್ಲರಿ ಸರ" ಅಂದೆ. ಅವತ್ತು ಗುರುಗಳ ಮುಂದ ನಾ ಆಡಿದ್ದು ಅದೊಂದ ಖರೆ ಮಾತು.