ರಸಿಕರ ಪಿಟೀಲು ಕ್ಯಾಸೆಟ್ಟು

ಬೆಳಗಿನ ಕಾಫಿಯ ಹೊತ್ತಿಗೆ ಟೇಪ್ ರೆಕಾರ್ಡರು ಒಮ್ಮೆ ನರಳಿ ಸುಮ್ಮನಾದಾಗ ಕನ್ನಡಕದಂಗಡಿಯ ರಸಿಕರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುಚ್ಚಳ ತೆಗೆದು ನೋಡಿದರೆ ಪಿಟೀಲು ಕ್ಯಾಸೆಟ್ಟಿನ ಟೇಪು ಬಾಚಣಿಗೆಗೆ ಸಿಕ್ಕಿದ ಕೂದಲಿನಂತೆ ಸುತ್ತಿಕೊಂಡು ತುಂಡಾಗಿತ್ತು. ಮುಖ ಮಾತ್ರ ಸಪ್ಪಗೆ ಮಾಡಿಕೊಂಡು, "ಅಯ್ಯೋ, ಹೋಯ್ತಲ್ಲೇ" ಅಂದರು. ಹೆಂಡತಿಯ ಮುಖ ಅವರದಕ್ಕಿಂತ ಸಪ್ಪಗಿತ್ತು.

ರಸಿಕರು ಎನ್ನುವುದು ಬೀದಿಯವರು ಇಟ್ಟ ಹೆಸರು. ನಿಜ ಹೇಳಬೇಕೆಂದರೆ, ಹುಡುಗನಾಗಿದ್ದಾಗ ಅವರ ಜೀವ ಇದ್ದದ್ದು ಬ್ಯಾಂಡ್ ಸೆಟ್ಟಿನಲ್ಲಿ. ಎಲ್ಲಿ ಡೋಲು, ತುತ್ತೂರಿ ಕೇಳಿಸಿದರೂ ಚಪ್ಪಲಿ ಮರೆತು ಓಡುತ್ತಿದ್ದರು. ಮದುವೆಯ ಮಾತಿಗೆಂದು ಹುಡುಗಿಯ ಮನೆಗೆ ಹೋದ ದಿನ ಮೇಜಿನ ಮೇಲೆ ಈ ಕ್ಯಾಸೆಟ್ಟು ಕಂಡಿತು. ಹುಡುಗಿ ಮನಸ್ಸಿಗೆ ಹಿಡಿಸಿಬಿಟ್ಟಿದ್ದಳು. ಪಿಟೀಲು ಅಂದರೆ ನನಗೆ ಪ್ರಾಣ ಎಂದು ಹೇಳಿಯೇಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮದುವೆಯಾಗಿ ಬಂದವಳು ಕ್ಯಾಸೆಟ್ಟನ್ನೂ ಜೊತೆಗೇ ತಂದಳು. ಅಂದಿನಿಂದ ಬೆಳಗ್ಗೆ ಅದೇ, ಸಂಜೆಯೂ ಅದೇ. ಇವರು ಕಣ್ಣು ಮುಚ್ಚಿ ತೂಕಡಿಸುವಾಗ ತಲೆ ತೂಗುವುದನ್ನು ಕಿಟಕಿಯಿಂದ ಕಂಡವರು ಸಂಗೀತದಲ್ಲಿ ಮುಳುಗಿದ್ದಾರೆ ಎಂದುಕೊಂಡರು. ಹೆಂಡತಿಗೆ ಎಲ್ಲಿಲ್ಲದ ಹೆಮ್ಮೆ. ಈಗ ನಿಜ ಹೇಳಿದರೆ, ಹಾಗಾದರೆ ನಮ್ಮ ಸಂಸಾರವೇ ಸುಳ್ಳೇ ಎಂದು ಅವಳು ಕೇಳಿಯಾಳು ಎಂಬ ಭಯಕ್ಕೆ ರಸಿಕರು ತುಟಿ ಬಿಚ್ಚಿರಲಿಲ್ಲ.

ರಿಪೇರಿ ಮಾಡಿಸಿ ತರುತ್ತೇನೆಂದು ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡವರು, ಬೀದಿ ತಿರುವಿನಲ್ಲಿ ಆಚೀಚೆ ನೋಡಿ ಕಸದ ತೊಟ್ಟಿಗೆ ಎಸೆದರು. ಅಂಗಡಿಯ ಬಾಗಿಲು ತೆರೆಯುವಾಗ ಮನಸ್ಸು ಹೂವಿನಷ್ಟು ಹಗುರ.

ಗಾಜು ಒರೆಸಿ ಮುಗಿದಿರಲಿಲ್ಲ, ಎದುರು ಸಾಲಿನ ದರ್ಜಿ ಅದೇ ಕ್ಯಾಸೆಟ್ಟು ಹಿಡಿದು ಪ್ರತ್ಯಕ್ಷನಾದ. ಚೀಲದಿಂದ ಜಾರಿ ತೊಟ್ಟಿಗೆ ಬಿದ್ದಿತ್ತಂತೆ. ತಾನು ಹಿಂದಿನಿಂದ ಬರದೇ ಇದ್ದಿದ್ದರೆ ಏನು ಗತಿ ಎಂದು ಗದರಿದ. ಹೋದದ್ದು ಹೋಯಿತು ಬಿಡಪ್ಪ ಎಂದು ರಸಿಕರು ಅಂದದ್ದು ಅವನ ಕಿವಿಗೆ ದುಃಖವಾಗಿ ಕೇಳಿಸಿತು.

"ಹರಿದ ಕೋಟನ್ನ ಹರಿದದ್ದೇ ಗೊತ್ತಾಗದ ಹಾಗೆ ಮಾಡೋನು ನಾನು ಸಾರ್. ಇದ್ಯಾವ ಲೆಕ್ಕ? ಸಂಜೆಗೆ ನಿಮ್ಮ ಮನೇಲಿ ಹಾಡಿಸ್ತೀನಿ."

ಮಧ್ಯಾಹ್ನದೊಳಗೆ ಸುದ್ದಿ ಬೀದಿಯನ್ನೆಲ್ಲ ಸುತ್ತಿತು. ಕಣ್ಣು ಪರೀಕ್ಷೆಗೆ ಬಂದವರು ಗೋಡೆಯ ಮೇಲಿನ ಅಕ್ಷರ ಓದುವುದು ಬಿಟ್ಟು ಸಮಾಧಾನ ಹೇಳಿದರು. ಕೊನೆಗೆ ರಸಿಕರ ಮನೆಯ ಮಹಡಿಯಲ್ಲಿದ್ದ ಪಿಟೀಲು ಮೇಷ್ಟ್ರು ಅಂಗಡಿಗೇ ಬಂದರು. ಪಾಠಕ್ಕೆ ಯಾರೂ ಬಾರದೆ ವರ್ಷಗಳಾಗಿದ್ದವು, ಪಾಪ. ಯಂತ್ರ ಕೈಕೊಟ್ಟರೇನು, ಇವತ್ತಿನಿಂದ ದಿನಾ ಸಂಜೆ ತಾವೇ ಬಂದು ನುಡಿಸುವುದಾಗಿ ಮಾತು ಕೊಟ್ಟು ಹೋದರು. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಸಂಜೆ ಮನೆಯ ನಡುಕೋಣೆಯಲ್ಲಿ ಒಂದು ಕಡೆ ಅಂಟಿಸಿದ ಕ್ಯಾಸೆಟ್ಟಿನೊಂದಿಗೆ ದರ್ಜಿ, ಇನ್ನೊಂದು ಕಡೆ ತಂತಿ ಬಿಗಿಯುತ್ತ ಮೇಷ್ಟ್ರು. ಯಾವುದು ಮೊದಲು ಎಂಬುದರ ಮೇಲೆ ಇಬ್ಬರಿಗೂ ಜಗಳ ಹತ್ತಿತು. ತೀರ್ಪು ರಸಿಕರೇ ಹೇಳಲಿ ಎಂದರು. ಸಾಯುವವರೆಗೂ ದಿನಾ ಸಂಜೆ ಹೀಗೇ ಎಂದು ನೆನೆದಾಗ ರಸಿಕರ ತಾಳ್ಮೆಯ ಕಟ್ಟೆ ಒಡೆಯಿತು.

"ನನಗೆ ಪಿಟೀಲು ಇಷ್ಟ ಇಲ್ಲ. ಯಾವತ್ತೂ ಇರಲಿಲ್ಲ. ನನಗಿಷ್ಟ ಬ್ಯಾಂಡು."

ಮೇಷ್ಟ್ರು ಪಿಟೀಲನ್ನು ಪೆಟ್ಟಿಗೆಗೆ ಹಾಕಿದರು. ಬೆಲೆ ಗೊತ್ತಿಲ್ಲದವರ ಮನೆಯಲ್ಲಿ ಇದು ಯಾಕೆ ಎಂದು ಕ್ಯಾಸೆಟ್ಟನ್ನೂ ಎತ್ತಿಕೊಂಡು ಮಹಡಿ ಹತ್ತಿದರು. ದರ್ಜಿ ಅವರ ಹಿಂದೆಯೇ ಜಾಗ ಖಾಲಿ ಮಾಡಿದ.

ಹೆಂಡತಿ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಕ್ಷಮಿಸು ಎನ್ನಲು ರಸಿಕರು ಹತ್ತಿರ ಹೋದರೆ ಅವಳು ನಗುತ್ತಿದ್ದಳು.

"ರೀ, ಆ ಕ್ಯಾಸೆಟ್ಟು ನಮ್ಮದಲ್ಲ. ನೀವು ಮೆಚ್ಚಲಿ ಅಂತ ನಮ್ಮತ್ತಿಗೆ ಪಕ್ಕದ ಮನೆಯಿಂದ ಇಸ್ಕೊಂಡು ಬಂದು ಇಟ್ಟಿದ್ದು. ಪ್ರಾಣ ಅಂದ್ರಲ್ಲ, ಅದಕ್ಕೇ ಆ ಮನೆಯವರ ಕಾಲು ಹಿಡಿದು ಕೇಳಿ ತಂದೆ. ನನಗೂ ಬ್ಯಾಂಡೇ ಇಷ್ಟ ಕಣ್ರೀ."

ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿತು. "ಎಷ್ಟು ವರ್ಷ ಹಾಳಾಗಿ ಹೋಯ್ತು" ಅಂದಳು. ಒಬ್ಬರನ್ನೊಬ್ಬರು ಖುಷಿಪಡಿಸಲು ಹೋಗಿ ಇಬ್ಬರೂ ಒಂದು ಪ್ರಾಯವನ್ನೇ ಸುಟ್ಟುಕೊಂಡಿದ್ದರು.

ಹೆಂಡತಿ ಕಣ್ಣೊರೆಸಿಕೊಂಡು ಮೊಬೈಲಿನಲ್ಲಿ ಬ್ಯಾಂಡು ಹುಡುಕಿ ಹಾಕಿದಳು. ಡೋಲು ಬಿತ್ತು, ತುತ್ತೂರಿ ಎದ್ದಿತು. ರಸಿಕರು ಆಸೆಯಿಂದ ಕಿವಿಗೊಟ್ಟರು. ಎರಡು ನಿಮಿಷಕ್ಕೆ ತಲೆ ಸಿಡಿಯತೊಡಗಿತು. ಚಪ್ಪಲಿ ಮರೆತು ಓಡುತ್ತಿದ್ದ ಹುಡುಗ ಯಾವಾಗಲೋ ಹೇಳದೆ ಕೇಳದೆ ಎದ್ದು ಹೋಗಿದ್ದ. ಈ ಹೊತ್ತಿಗೆ ನಿಧಾನವಾಗಿ ಏಳಬೇಕಿದ್ದ ಪಿಟೀಲಿನ ಮೊದಲ ಸ್ವರವನ್ನು ಕಿವಿ ಹುಡುಕುತ್ತಿತ್ತು. ತೂಕಡಿಕೆಯ ನಡುವೆ ಅದು ಯಾವ ಮಾಯದಲ್ಲಿ ಒಳಗಿಳಿದು ಬೇರು ಬಿಟ್ಟಿತ್ತೋ, ಅವರಿಗೇ ಗೊತ್ತಿರಲಿಲ್ಲ. ಅದು ತಮಗೆ ಬೇಕಿತ್ತು ಎಂದು ತಿಳಿಯುವ ಹೊತ್ತಿಗೆ ತಾವೇ ಮಹಡಿ ಹತ್ತಿಸಿ ಕಳಿಸಿದ್ದರು.

ಹೆಂಡತಿ ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿದ್ದಳು. ಅವಳ ಮುಖ ಇಷ್ಟು ಅರಳಿದ್ದನ್ನು ಅವರು ಕಂಡೇ ಇರಲಿಲ್ಲ.

"ಇನ್ನು ಮೇಲೆ ನಮ್ಮಿಬ್ಬರ ಮಧ್ಯೆ ಸುಳ್ಳು ಬೇಡ ರೀ. ನಿಜ ಹೇಳಿ, ಹೇಗಿದೆ?"

ರಸಿಕರು ಅವಳನ್ನೇ ನೋಡಿದರು. "ಬಹಳ ಚೆನ್ನಾಗಿದೆ" ಅಂದರು.

ಹಾಗಾದರೆ ದಿನಾ ಎರಡು ಹೊತ್ತೂ ಇದನ್ನೇ ಹಾಕುತ್ತೇನೆ ಎಂದು ಅವಳು ದನಿ ಇನ್ನಷ್ಟು ಹೆಚ್ಚಿಸಿದಳು.